ಕಿರುದೋಟದಲ್ಲಿ ಜೋಲುಗೊಂಬೆಯ ಮೇಪಲ್

ಜಪಾನಿನ ಕ್ಯೋಟೋ ನಗರದ ಹಳೆಯ ವರ್ತಕರ ಮನೆಗಳ ನಡುವೆ 'ತ್ಸುಬೊನಿವಾ' ಎಂಬ ಅಂಗಳದ ತೋಟಗಳಿವೆ. 'ತ್ಸುಬೊ' ಎಂದರೆ ಎರಡು ಚಾಪೆಗಳಷ್ಟು ನೆಲ; ಸುಮಾರು 3.3 ಚದರ ಮೀಟರ್. ಅಂಗೈಯಗಲದ ನೆಲದಲ್ಲಿಯೂ ಋತುಗಳ ಸಂಚಾರವನ್ನು ಕಾಣಬೇಕೆಂಬ ಈ ಅಭಿರುಚಿಯ ನಾಡಿನಲ್ಲಿ ಮೇಪಲ್ ಮರಕ್ಕೆ ವಿಶೇಷ ಮನ್ನಣೆಯುಂಟು. ಅದರ ಒಂದು ಜಪಾನೀ ಹೆಸರು 'ಕಯೆದೆ'. ಕಪ್ಪೆಯ ಕೈ ಎಂಬ ಅರ್ಥದ ಮಾತಿನಿಂದ ಬಂದುದು. 1775ರಲ್ಲಿ ಜಪಾನಿಗೆ ಬಂದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ತುನ್‌ಬೆರ್ಗ್, ಅಂಗೈಯನ್ನು ಹೋಲುವ ಎಲೆಯನ್ನು ಲಕ್ಷಿಸಿ, ಅದಕ್ಕೆ 'ಏಸರ್ ಪಾಲ್ಮೇಟಮ್' ಎಂದು ನಾಮಕರಣ ಮಾಡಿದನು.

ಈ ಜಾತಿಯಲ್ಲಿ ಎಲೆಗಳು ನೂಲಿನಂತೆ ಸೀಳಿ, ಕೊಂಬೆಗಳು ನೆಲದತ್ತ ಇಳಿಯುವ ತಳಿಗಳೂ ಇವೆ. ಇವುಗಳ ಬೀಜವನ್ನು ಬಿತ್ತಿದರೆ ತಾಯಿಮರದ ಗುಣವೇ ಬರುವುದೆಂಬ ಭರವಸೆಯಿಲ್ಲ. ಆದ್ದರಿಂದ, ಮಾವಿನಲ್ಲಿ ಮಾಡುವಂತೆಯೇ, ಸಾಮಾನ್ಯ ಮೇಪಲ್ಲಿನ ಸಸಿಯ ಮೇಲೆ ಇವುಗಳ ಕಡ್ಡಿಯನ್ನು ಕಸಿ ಕಟ್ಟಬೇಕು. ಇನ್ನೊಂದು ಸಂಗತಿ: ಬಾಗುವುದೇ ಸ್ವಭಾವವಾದ ಈ ಗಿಡ ತಾನಾಗಿ ಎತ್ತರಕ್ಕೆ ಏರುವುದು ಅಪರೂಪ. ಎಳೆಯ ಕಾಂಡವೊಂದನ್ನು ಬಿದಿರುಕೋಲಿಗೆ ಕಟ್ಟಿ, ಅದು ಬಲಿಯುವವರೆಗೆ ನೆಟ್ಟಗೆ ನಿಲ್ಲಿಸಬೇಕು. ಹೀಗೆ ಬಾಗುವಿಕೆ ಮರದ್ದು. ಎತ್ತರವು ಬಹುಮಟ್ಟಿಗೆ ತೋಟಗಾರನದು.

ನೀರು ನಿಲ್ಲದ, ತುಸು ಆಮ್ಲಗುಣದ ಮಣ್ಣು ಇದಕ್ಕೆ ಹಿತ. ಬೇರುಗಳು ಮೇಲ್ಪದರದಲ್ಲಿಯೇ ಹರಡುವುದರಿಂದ ಬುಡದ ಸುತ್ತ ಎರಡು ಮೂರು ಅಂಗುಲ ತರಗೆಲೆ ಹೊದಿಸತಕ್ಕದ್ದು. ಆದರೆ ಅದು ಕಾಂಡಕ್ಕೆ ತಾಗಬಾರದು. ಬೆಳಗಿನ ಬಿಸಿಲೂ ಮಧ್ಯಾಹ್ನದ ನೆರಳೂ ದೊರೆಯದಿದ್ದಲ್ಲಿ ಎಲೆಯಂಚು ಸುಟ್ಟಂತಾಗುತ್ತದೆ. ಮರವು ಎತ್ತರಕ್ಕಿಂತ ಅಗಲವಾಗಿ ಬೆಳೆಯುವುದರಿಂದ ಸುತ್ತಲೂ ಕೆಲವು ಅಡಿಗಳ ತೆರವು ಇರಲಿ.

ಎಲೆ ಉದುರಿದ ಮೇಲೆ, ಚಳಿಗಾಲದ ಮೊದಲ ಭಾಗದಲ್ಲಿ, ಒಳಗಿನ ಒಣಕಡ್ಡಿಗಳನ್ನು ತೆಗೆದರೆ ಕೊಂಬೆಗಳ ವಿನ್ಯಾಸ ತೆರೆದು ತೋರುತ್ತದೆ. ವಸಂತದ ಹೊಸ್ತಿಲಲ್ಲಿ ಕತ್ತರಿಸಿದರೆ ಗಾಯದಿಂದ ರಸ ಸೋರುವುದು. ಕಸಿಯ ಕೆಳಗೆ ಒಡೆಯುವ ಚಿಗುರುಗಳನ್ನು ಮಾತ್ರ ಕಂಡಕೂಡಲೆ ಚಿವುಟಬೇಕು. ಅವು ಬಲಿತರೆ ಕಸಿಯ ಗಿಡವನ್ನೇ ಮೀರಿ ಬೆಳೆಯುತ್ತವೆ.

ಮುಂಬಯಿ, ಚೆನ್ನೈ ನಗರಗಳಲ್ಲಿ ಇದನ್ನು ಕುಂಡದಲ್ಲಾದರೂ ಬೆಳೆಸಲು ಆಶಿಸುವವರಿಗೆ ಒಂದು ಎಚ್ಚರಿಕೆ ಅವಶ್ಯ. ಈ ಮರಕ್ಕೆ ಚಳಿಗಾಲದ ದೀರ್ಘ ವಿಶ್ರಾಂತಿ ಬೇಕು. ಶರತ್ಕಾಲದ ಕೆಂಪು ಕೂಡ ಹಗಲಿನ ಬಿಸಿಲು, ಇರುಳಿನ ತಂಪು ಇವುಗಳ ಕೂಟದಿಂದ ಎಲೆಯಲ್ಲಿ ಕೂಡುವ ಆಂಥೋಸಯನಿನ್ ಎಂಬ ವರ್ಣದ್ರವ್ಯದ ಫಲ. ಕಡಲತೀರದ ಸೆಕೆಯಲ್ಲಿ ಇವೆರಡೂ ದೊರೆಯವು. ನೀರು, ಗೊಬ್ಬರ, ಆರೈಕೆಗಳನ್ನು ಮನುಷ್ಯನು ಒದಗಿಸಬಲ್ಲನು, ಋತುವನ್ನು ಒದಗಿಸಲಾರನು. ಆ ಅಂಗಳಗಳಿಗೆ ತಮ್ಮ ನೆಲದ ಗಿಡಗಳೇ ಲೇಸು. ಮೇಪಲ್ಲನ್ನು ಅದರ ಚಳಿಯ ನಾಡಿನಲ್ಲಿಯೇ ನೋಡಿ ಸಂತೋಷಪಡುವುದು ಉಚಿತ.