ಗುರುಪುರದ ಜನಪದನಿವೇಶ: ಮಿತ್ರಸಹಾಯವೂ ವಿಪತ್ಪ್ರತೀಕಾರವೂ

೧

ರಾಜ್ಯವು ಸಪ್ತಾಂಗಯುಕ್ತವಾದುದೆಂದು ಭಾರತೀಯ ನೀತಿಶಾಸ್ತ್ರಕಾರರು ನಿರ್ಣಯಿಸಿರುವರು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬಿವೇ ಆ ಏಳು ಅಂಗಗಳು. ಇವುಗಳಿಗೆ ಒದಗುವ ಕೇಡನ್ನು ಕೌಟಿಲ್ಯನು ‘ವ್ಯಸನ’ವೆಂದು ಕರೆದು, ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನು ಅದರ ವಿಚಾರಕ್ಕಾಗಿಯೇ ಮೀಸಲಿಟ್ಟಿರುವನು. ಈಗಿನ ರಾಜನೀತಿಜ್ಞರು ಯಾವುದನ್ನು ದುರ್ಬಲ ರಾಜ್ಯವೆನ್ನುವರೋ ಅದು ಅಂಗವ್ಯಸನಕ್ಕೆ ಗುರಿಯಾದ ರಾಜ್ಯವೇ ಹೊರತು ಬೇರೆಯಲ್ಲ. ಅಂಥ ರಾಜ್ಯದ ಪ್ರಜೆಗಳಿಗೆ ಅನ್ಯದೇಶಗಳಿಂದ ಬರುವ ಸಹಾಯವನ್ನು ಒಟ್ಟುಗೂಡಿಸಿ ನಡೆಸುವ ಕ್ರಮವೇನು, ಮುಂದೆ ಒದಗಬಹುದಾದ ವಿಪತ್ತಿನ ಭಾರವನ್ನು ಹೊರತಕ್ಕವರು ಯಾರು ಎಂಬ ಎರಡು ಪ್ರಶ್ನೆಗಳು ಇಂದು ಲೋಕದಲ್ಲೆಲ್ಲ ಚರ್ಚಿತವಾಗುತ್ತಿವೆ.

ಇವುಗಳಿಗೆ ದೃಷ್ಟಾಂತವನ್ನು ದ್ವೀಪಾಂತರಗಳಲ್ಲಿ ಹುಡುಕಬೇಕಾದ ಅಗತ್ಯವಿಲ್ಲ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿ, ನಾಗರಹೊಳೆಯ ಅರಣ್ಯದ ಅಂಚಿಗೆ ಗುರುಪುರವೆಂಬ ಗ್ರಾಮವಿದೆ. ಅಲ್ಲಿ ಕ್ರಿ. ಶ. ೧೯೭೨ರಲ್ಲಿ ರಬ್ಗ್ಯೇಲಿಂಗ್ ಎಂಬ ಹೆಸರಿನ ಟಿಬೆಟಿನವರ ವಸತಿಯು ಸ್ಥಾಪಿತವಾಯಿತು. ಅರ್ಥಶಾಸ್ತ್ರದ ಮೂಲವನ್ನು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಮರಳಿ ಕೊಟ್ಟವರು ಮೈಸೂರಿನ ಪ್ರಾಚ್ಯಕೋಶಾಗಾರದ ಪಂಡಿತ ಆರ್. ಶಾಮಶಾಸ್ತ್ರಿಗಳು. ಆ ಮೈಸೂರಿನ ಸೀಮೆಯಲ್ಲಿಯೇ ಆ ಗ್ರಂಥದ ‘ಜನಪದನಿವೇಶ’ ಪ್ರಕರಣಕ್ಕೆ ಇಂಥದೊಂದು ಜೀವಂತ ಉದಾಹರಣೆಯು ದೊರೆತಿರುವುದು ಗಮನಿಸತಕ್ಕ ಸಂಗತಿ. ಗ್ರಂಥವನ್ನೂ ಗ್ರಾಮವನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨

೧೯೫೦ರಲ್ಲಿ ಚೀನಾದೇಶದ ಸೈನ್ಯವು ಟಿಬೆಟನ್ನು ಪ್ರವೇಶಿಸಿತು. ೧೯೫೯ರ ಮಾರ್ಚಿಯಲ್ಲಿ ಹದಿನಾಲ್ಕನೆಯ ದಲೈ ಲಾಮಾ ಅವರು ಲ್ಹಾಸಾ ನಗರವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು ೮೦,೦೦೦ ಜನರು ಹಿಮಾಲಯವನ್ನು ದಾಟಿ ಬಂದರೆಂದು ಎಣಿಕೆ. ಸಪ್ತಾಂಗಗಳ ಲೆಕ್ಕದಿಂದ ನೋಡಿದರೆ ಈ ಜನಸಮುದಾಯದ ಸ್ಥಿತಿಯು ವಿಚಿತ್ರವಾಗಿತ್ತು. ಅವರಿಗೆ ಸ್ವಾಮಿಯಿದ್ದನು, ಅಮಾತ್ಯರಿದ್ದರು. ಆದರೆ ಜನಪದ, ದುರ್ಗ, ಕೋಶ, ದಂಡಗಳೆಂಬ ನಾಲ್ಕೂ ಒಮ್ಮೆಲೇ ಕೈಬಿಟ್ಟುಹೋಗಿದ್ದುವು. ಉಳಿದುದು ಏಳನೆಯದಾದ ಮಿತ್ರವೊಂದೇ. ಶಾಸ್ತ್ರಕಾರರು ಎಣಿಕೆಯಲ್ಲಿ ಕಡೆಗಿಟ್ಟ ಅಂಗವು ಇಲ್ಲಿ ಮಿಕ್ಕ ಅಂಗಗಳನ್ನು ಹುಟ್ಟಿಸಬೇಕಾದ ಮೊದಲನೆಯ ಅಂಗವಾಯಿತು.

ಕೌಟಿಲ್ಯನು ಈ ಸಂದರ್ಭವನ್ನು ಊಹಿಸದೆ ಇರಲಿಲ್ಲ. ನಾಲ್ಕನೆಯ ಅಧಿಕರಣದ ಉಪನಿಪಾತಪ್ರತೀಕಾರ ಪ್ರಕರಣದಲ್ಲಿ ಅವನು ದುರ್ಭಿಕ್ಷಕಾಲದ ಉಪಾಯಗಳನ್ನು ಎಣಿಸುವಾಗ, ಬೀಜವನ್ನೂ ಆಹಾರವನ್ನೂ ಕೊಡುವುದು, ಅನ್ನಕ್ಕೆ ಪ್ರತಿಯಾಗಿ ಕೋಟೆ ಕಟ್ಟೆಗಳ ಕೆಲಸವನ್ನು ಒದಗಿಸುವುದು ಮೊದಲಾದುವನ್ನು ಹೇಳಿ, ಮಿತ್ರರನ್ನು ಆಶ್ರಯಿಸುವುದನ್ನೂ, ಬೆಳೆಯಿರುವ ಮತ್ತೊಂದು ದೇಶಕ್ಕೆ ರಾಜನು ತನ್ನ ಜನರೊಡನೆಯೇ ಹೋಗುವುದನ್ನೂ ಸೇರಿಸಿರುವನು. ಜನರನ್ನು ಬಿಟ್ಟು ಹೋಗುವುದನ್ನಲ್ಲ, ಜನರೊಡನೆ ಹೋಗುವುದನ್ನು ಅವನು ವಿಧಿಸಿರುವುದು ಇಲ್ಲಿ ಮುಖ್ಯ. ವಲಸೆ ಬಂದವರು ಚೆದರಿಹೋಗದೆ ಒಂದು ಜನಪದವಾಗಿ ಉಳಿಯಬೇಕಾದರೆ ಅವರ ಆಡಳಿತವೂ ಅವರೊಡನೆ ಬರಬೇಕು.

೩

ಮೊದಲ ವರ್ಷದಲ್ಲಿಯೇ ಸಹಾಯವು ಅನೇಕ ಕಡೆಗಳಿಂದ ಹರಿದುಬಂದಿತು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿಯೂ ಬಂಗಾಳದ ಬಕ್ಸಾದಲ್ಲಿಯೂ ಶಿಬಿರಗಳು ಏರ್ಪಟ್ಟುವು. ಆಚಾರ್ಯ ಜೆ. ಬಿ. ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಕೇಂದ್ರ ಪರಿಹಾರ ಸಮಿತಿಯು ೧೯೫೯ರಲ್ಲಿ ರಚಿತವಾಗಿ, ವಿದೇಶಗಳ ದಾನಕ್ಕೆ ಒಂದು ಹೆಬ್ಬಾಗಿಲಾಯಿತು. ಭಾರತವು ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಆದುದರಿಂದ ಹೊರಗಿನ ದಾನಿಗಳು ತಮ್ಮ ತಮ್ಮ ಇಚ್ಛೆಯಂತೆ ನಡೆಯದೆ ಭಾರತ ಸರ್ಕಾರದ ಅನುಮತಿಯಿಂದಲೇ ನಡೆಯಬೇಕಾಗಿತ್ತು. ಇದು ಮೇಲುನೋಟಕ್ಕೆ ಅಡ್ಡಿಯೆಂದು ತೋರಿದರೂ, ನೂರು ಕೈಗಳ ದಾನವನ್ನು ಒಂದು ಕ್ರಮಕ್ಕೆ ತರುವುದರಲ್ಲಿ ಉಪಕಾರವಾಗಿಯೇ ಪರಿಣಮಿಸಿತು.

ದಕ್ಷಿಣದಲ್ಲಿ ಮೊದಲು ಭೂಮಿಯನ್ನು ಕೊಟ್ಟುದು ಮೈಸೂರು ರಾಜ್ಯ. ಪಿರಿಯಾಪಟ್ಟಣದ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಕಾಡುಭೂಮಿಯು ಗೊತ್ತಾಗಿ ೧೯೬೦ರಿಂದ ವಸತಿಯು ಆರಂಭವಾಯಿತು. ಆಮೇಲೆ ೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡು, ೧೯೬೯ರಲ್ಲಿ ಬೈಲುಕುಪ್ಪೆಯ ಎರಡನೆಯ ವಸತಿ, ೧೯೭೨ರಲ್ಲಿ ಗುರುಪುರ, ಅದರ ತರುವಾಯ ಕೊಳ್ಳೇಗಾಲದ ಸೀಮೆಯ ಒಡೆಯರಪಾಳ್ಯ, ಹೀಗೆ ಕರ್ನಾಟಕದಲ್ಲಿ ಐದು ವಸತಿಗಳಾದುವು. ಈ ಕಾರ್ಯಕ್ಕೆಂದೇ ೧೯೬೮ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆಯು, ಅಂದರೆ ‘ಮೈರಾಡ’ವು, ಹುಟ್ಟಿತು. ಭೂಮಿಯು ರಾಜ್ಯ ಸರ್ಕಾರದ್ದು, ಅನುಮತಿಯು ಕೇಂದ್ರ ಸರ್ಕಾರದ್ದು, ಹಣದಲ್ಲಿ ದೊಡ್ಡ ಪಾಲು ವಿದೇಶೀಯರದ್ದು, ದುಡಿಮೆಯು ಬಂದ ಜನರದ್ದು. ಈ ನಾಲ್ಕನ್ನೂ ಹೊಲದ ಬದುವಿನ ಮೇಲೆ ಒಂದುಗೂಡಿಸುವುದು ಇಂಥ ಮಧ್ಯಸ್ಥ ಸಂಸ್ಥೆಯ ಕೆಲಸವಾಗಿತ್ತು.

ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಆದಿಯಲ್ಲಿಯೇ ಬರುವ ಜನಪದನಿವೇಶ ಪ್ರಕರಣದೊಡನೆ ಇದನ್ನು ಹೋಲಿಸಿದರೆ ಸಾಮ್ಯವು ಸ್ಪಷ್ಟವಾಗುತ್ತದೆ. ಪರದೇಶದಿಂದ ಬಂದವರನ್ನು ನೆಲೆಗೊಳಿಸಿ ಹೊಸ ಜನಪದವನ್ನು ಕಟ್ಟಬಹುದೆಂದು ಕೌಟಿಲ್ಯನು ಹೇಳುವನು. ಒಂದೊಂದು ಗ್ರಾಮದಲ್ಲಿ ನೂರಕ್ಕೆ ಕಡಮೆಯಿಲ್ಲದಂತೆ ಐನೂರಕ್ಕೆ ಮೀರದಂತೆ ಕುಲಗಳಿರಬೇಕು. ಗ್ರಾಮಗಳು ಒಂದಕ್ಕೊಂದು ರಕ್ಷಣೆಯಾಗುವಷ್ಟು ಹತ್ತಿರವಿರಬೇಕು. ಧಾನ್ಯ, ಪಶು, ಹಿರಣ್ಯಗಳನ್ನು ಮುಂಗಡವಾಗಿ ಕೊಟ್ಟು, ಅವರು ಅನುಕೂಲವಾದಾಗ ಹಿಂತಿರುಗಿಸುವಂತೆ ಮಾಡಬೇಕು. ಅನುಗ್ರಹ ಪರಿಹಾರಗಳು, ಅಂದರೆ ನೆರವೂ ಕಂದಾಯದ ವಿನಾಯಿತಿಯೂ, ಕೋಶವನ್ನು ಬೆಳೆಸುವಂತಿರಬೇಕೇ ಹೊರತು ಬರಿದುಮಾಡುವಂತಿರಬಾರದು. ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರ ಪೋಷಣೆಯು ರಾಜನ ಹೊಣೆ. ಇಲ್ಲಿ ನೆರವಿಗೆ ಎರಡು ಬಗೆಯ ಗಡಿಯುಂಟು. ದುಡಿಯಬಲ್ಲವನಿಗೆ ಕೊಟ್ಟುದು ಸಾಲ; ದುಡಿಯಲಾರದವನಿಗೆ ಕೊಟ್ಟುದು ಪೋಷಣೆ. ಇವೆರಡನ್ನು ಬೆರಸಿದಲ್ಲಿ ದುಡಿಯಬಲ್ಲವನು ಸೋಮಾರಿಯಾಗುವನು, ದುಡಿಯಲಾರದವನು ಉಪವಾಸ ಬೀಳುವನು. ಕರ್ನಾಟಕದ ಟಿಬೆಟನ್ ವಸತಿಗಳಲ್ಲಿ ಹೊಲ, ಟ್ರಾಕ್ಟರು, ಬೀಜ, ಮಾರಾಟಗಳು ಸಹಕಾರ ಸಂಘದ ಕೈಗೂ, ಶಾಲೆ, ಆಸ್ಪತ್ರೆ, ವೃದ್ಧಾಶ್ರಮಗಳು ಬೇರೆ ಕೈಗಳಿಗೂ ಸೇರಿದುದರಲ್ಲಿ ಈ ವಿವೇಕವೇ ಕಾಣುತ್ತದೆ.

೪

ನೆರವು ಕೈಸೇರಿದ ಮಾತ್ರಕ್ಕೆ ಅಪಾಯವು ತೀರುವುದಿಲ್ಲ. ಕೌಟಿಲ್ಯನು ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷ, ಮೂಷಿಕ, ವ್ಯಾಲ, ಸರ್ಪ, ರಾಕ್ಷಸರೆಂದು ಎಂಟು ಮಹಾಭಯಗಳನ್ನು ಎಣಿಸಿರುವನು. ಕಡೆಯದೊಂದನ್ನು ಬಿಟ್ಟರೆ ಉಳಿದುವು ಅಡವಿಯ ಅಂಚಿನ ಯಾವ ರೈತನಿಗೂ ಅಪರಿಚಿತವಲ್ಲ. ಶೀತದೇಶದ ಜನರಿಗೆ ಬಯಲುಸೀಮೆಯ ಸೆಕೆಯೇ ಒಂದು ವ್ಯಾಧಿಯಾಯಿತು; ಕ್ಷಯರೋಗವು ಅವರನ್ನು ಬಹುಕಾಲ ಕಾಡಿತು. ಮುಸುಕಿನ ಜೋಳವು ಮಳೆಯನ್ನು ನಂಬಿದ ಬೆಳೆ. ತೆನೆ ಕಟ್ಟುವ ಕಾಲಕ್ಕೆ ನಾಗರಹೊಳೆಯ ಆನೆಗಳು ಹೊಲಕ್ಕೆ ಇಳಿಯುವುವು. ಆನೆಯು ಟಿಬೆಟಿನವನ ಹೊಲ, ಕನ್ನಡಿಗನ ಹೊಲ ಎಂಬ ಭೇದವನ್ನು ಅರಿಯದು.

ಇಂಥ ಭಯಗಳಿಗೆ ಪ್ರತೀಕಾರವು ಎರಡು ಬಗೆ. ಒಂದು, ಕೇಡಾದ ಮೇಲೆ ಪರಿಹಾರ. ಮತ್ತೊಂದು, ಕೇಡು ಬರುವ ಮೊದಲೇ ಜೀವನೋಪಾಯವನ್ನು ಹಲವು ಕವಲುಗಳಾಗಿ ಒಡೆಯುವುದು. ವಸತಿಯ ಜನರು ಎರಡನೆಯದನ್ನು ತಾವಾಗಿಯೇ ಕಂಡುಕೊಂಡರು. ಹೊಲದ ಕೆಲಸದೊಡನೆ ರತ್ನಗಂಬಳಿಯ ನೇಯ್ಗೆ ಸೇರಿತು. ಸುಗ್ಗಿ ಮುಗಿದ ಮೇಲೆ ಭಾರತದ ನಗರಗಳಲ್ಲಿ ಉಣ್ಣೆಯ ಅಂಗಿಗಳ ವ್ಯಾಪಾರವು ಸೇರಿತು. ಮಳೆಯು ಕೈಕೊಟ್ಟ ವರ್ಷ ಚಳಿಯು ಕೈಹಿಡಿಯುವ ಏರ್ಪಾಡಿದು. ಲ್ಹಾಸಾದಲ್ಲಿ ೧೪೩೩ರಲ್ಲಿ ಸ್ಥಾಪಿತವಾದ ಗ್ಯುದ್ಮೆದ್ ತಾಂತ್ರಿಕ ವಿದ್ಯಾಮಠವು ದಾಲ್‌ಹೌಸಿಯಲ್ಲಿ ಕೆಲವು ಕಾಲವಿದ್ದು ಗುರುಪುರದಲ್ಲಿ ನೆಲೆಗೊಂಡಿರುವುದು ಕೂಡ ಈ ಆರ್ಥಿಕ ಸ್ಥಿರತೆಯ ಬಲದಿಂದಲೇ. ಸಂಸ್ಕೃತಮೂಲವು ನಷ್ಟವಾಗಿ ಟಿಬೆಟಿನ ಭಾಷಾಂತರದಲ್ಲಿ ಮಾತ್ರ ಉಳಿದ ಗ್ರಂಥಗಳು ಅನೇಕವಿರುವುದನ್ನು ಬಲ್ಲ ವಿದ್ವಾಂಸರಿಗೆ, ಈ ಜನಪದವು ಉಳಿಯುವುದರ ಬೆಲೆ ಏನೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

೫

ಅದೇ ತಾಲ್ಲೂಕಿನಲ್ಲಿ, ಅದೇ ಅರಣ್ಯದ ಅಂಚಿನಲ್ಲಿ ಅಂತರರಾಷ್ಟ್ರೀಯ ಸಹಾಯದ ಮತ್ತೊಂದು ಕಥೆಯೂ ನಡೆದಿರುವುದರಿಂದ ತುಲನೆಯು ಅನಿವಾರ್ಯ. ನಾಗರಹೊಳೆಯು ೧೯೫೫ರಲ್ಲಿ ಅಭಯಾರಣ್ಯವಾಯಿತು. ಅಲ್ಲಿ ತಲೆತಲಾಂತರದಿಂದ ವಾಸವಾಗಿದ್ದವರು ಜೇನುಕುರುಬರು, ಬೆಟ್ಟಕುರುಬರು, ಯರವರು ಮೊದಲಾದ ಜನರು. ಕಾಲಕ್ರಮದಲ್ಲಿ ಅವರಲ್ಲಿ ಬಹುಮಂದಿ ಕಾಡಿನಿಂದ ಹೊರಬೀಳಬೇಕಾಯಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ನೇಮಿಸಿದ, ಪ್ರೊ. ಮುಜಫರ್ ಅಸ್ಸಾದಿಯವರ ಅಧ್ಯಕ್ಷತೆಯ ಸಮಿತಿಯು ೨೦೧೪ರ ವರದಿಯಲ್ಲಿ ಹೀಗೆ ನೆಲೆ ತಪ್ಪಿದ ೩,೪೧೮ ಕುಟುಂಬಗಳನ್ನು ಗುರುತಿಸಿತು.

೧೯೯೬ರಲ್ಲಿ ವಿಶ್ವ ಬ್ಯಾಂಕು ಜಾಗತಿಕ ಪರಿಸರ ನಿಧಿಯೊಡಗೂಡಿ ಭಾರತದ ಏಳು ಸಂರಕ್ಷಿತಾರಣ್ಯಗಳಿಗೆ ಪರಿಸರಾಭಿವೃದ್ಧಿ ಯೋಜನೆಯೊಂದನ್ನು ಮಂಜೂರುಮಾಡಿತು. ಅವುಗಳಲ್ಲಿ ನಾಗರಹೊಳೆಯೂ ಒಂದು. ಇಲ್ಲಿಯೂ ಹಣವು ವಿದೇಶದ್ದು, ಭೂಮಿಯು ಸರ್ಕಾರದ್ದು. ಆದರೆ ಯೋಜನೆಯು ರಚಿತವಾದಾಗ ಕಾಡಿನ ಜನರ ಮಾತು ಸಾಲದಷ್ಟು ಕೇಳಿಬಂದಿರಲಿಲ್ಲ. ೧೯೯೮ರಲ್ಲಿ ಆ ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘಟನೆಯು ಬ್ಯಾಂಕಿನ ತಪಾಸಣಾ ಮಂಡಲಿಗೇ ದೂರನ್ನಿತ್ತಿತು. ಮಂಡಲಿಯು ಸ್ಥಳಕ್ಕೆ ಬಂದು ನೋಡಿ ವಿಚಾರಣೆಯನ್ನು ಶಿಫಾರಸು ಮಾಡಿತು; ಬ್ಯಾಂಕಿನ ಆಡಳಿತ ನಿರ್ದೇಶಕರು ಪೂರ್ಣ ವಿಚಾರಣೆಗೆ ಒಪ್ಪಲಿಲ್ಲ. ಕಾಡಿನಿಂದ ಹೊರಬಂದ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿಯು ಏರ್ಪಟ್ಟಿತು.

ಗುರುಪುರಕ್ಕೂ ನಾಗಾಪುರಕ್ಕೂ ಇರುವ ಅಂತರವು ಹರಿದಾರಿಯ ಲೆಕ್ಕದ್ದಲ್ಲ. ದೂರದಿಂದ ಬಂದ ಅತಿಥಿಗಳಿಗೆ ಅವರ ಪರವಾಗಿ ಮಾತನಾಡಬಲ್ಲ ಸ್ವಾಮಿಯೂ ಅಮಾತ್ಯರೂ ಇದ್ದರು. ದಾನಿಗಳೊಡನೆ ಅವರು ಸಮಾನಾಸನದಲ್ಲಿ ಕುಳಿತು ಲೆಕ್ಕ ಕೇಳಿದರು, ಲೆಕ್ಕ ಕೊಟ್ಟರು. ಮನೆಯವರೇ ಆದ ಕಾಡಿನ ಜನರಿಗೆ ಆ ಆಸನವಿರಲಿಲ್ಲ. ಮೊದಲನೆಯದರಲ್ಲಿ ವಿಪತ್ತಿನ ಭಾರವು ರಾಜ್ಯ, ದಾನಿ, ಸಂಘ, ರೈತ ಎಂಬ ನಾಲ್ವರಲ್ಲಿ ಹಂಚಿಕೆಯಾಯಿತು. ಎರಡನೆಯದರಲ್ಲಿ ಅದು ಮೆಲ್ಲಗೆ ಇಳಿಯುತ್ತ ಎಲ್ಲರಿಗಿಂತ ಬಡವನಾದವನ ತಲೆಯ ಮೇಲೆ ನಿಂತಿತು. ನೀರು ತಗ್ಗಿಗೆ ಹರಿಯುವಂತೆ, ಕಟ್ಟೆಯಿಲ್ಲದ ಕಡೆ ಅಪಾಯವು ದುರ್ಬಲನ ಕಡೆಗೇ ಹರಿಯುವುದು. ಸಹಾಯದ ಸಂಯೋಜನವೆಂದರೆ ಆ ಕಟ್ಟೆಯನ್ನು ಮೊದಲೇ ಕಟ್ಟುವುದು. ಹಣವನ್ನು ಕೂಡಿಹಾಕುವುದಷ್ಟೇ ಅಲ್ಲ.

ಅತಿಥಿಗಳಿಗಾಗಿ ಹುಟ್ಟಿದ ಮೈರಾಡವು ೧೯೮೦ರ ದಶಕದಲ್ಲಿ ಈ ನಾಡಿನ ಬಡ ಗ್ರಾಮಸ್ಥರ ಕಡೆಗೆ ತಿರುಗಿತೆಂಬುದು ಇಲ್ಲಿ ಸ್ಮರಣೀಯ. ದೊಡ್ಡ ಸಹಕಾರ ಸಂಘಗಳು ಒಡೆದ ಕಡೆ, ಪರಸ್ಪರ ವಿಶ್ವಾಸವುಳ್ಳ ಹತ್ತಿಪ್ಪತ್ತು ಜನರ ಚಿಕ್ಕ ಗುಂಪುಗಳು ಉಳಿದುಕೊಂಡುದನ್ನು ಅದು ೧೯೮೪-೮೫ರ ಸುಮಾರಿಗೆ ಗಮನಿಸಿ, ಅವುಗಳನ್ನೇ ಬೆಳೆಸಿತು. ನಬಾರ್ಡ್ ೧೯೯೨ರಲ್ಲಿ ಅಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ದೇಶದಲ್ಲಿ ಆರಂಭಿಸಿತು. ಹೆಗ್ಗಡದೇವನಕೋಟೆಯ ತಾಲ್ಲೂಕಿನಲ್ಲಿಯೂ ಮೈರಾಡವು ಕೆಲಸಮಾಡಿತು. ಅತಿಥಿಸತ್ಕಾರದಿಂದ ಆರಂಭವಾದ ಸಂಸ್ಥೆಯ ಅನುಭವವು ಮನೆಯವರಿಗೂ ಫಲಿಸಿತೆಂದು ಹೇಳಬಹುದು.

೬

ಗುರುಪುರದ ಏರ್ಪಾಡೂ ನಿರ್ದೋಷವಲ್ಲ. ಅದಕ್ಕೆ ಎರಡು ಮರ್ಮಸ್ಥಾನಗಳಿವೆ. ಮೊದಲನೆಯದು ಭೂಮಿ. ಕೌಟಿಲ್ಯನು ಹದಗೊಳಿಸಿದ ಹೊಲವನ್ನು ಒಬ್ಬ ಪುರುಷನ ಆಯುಷ್ಯದ ಮಟ್ಟಿಗೆ ಕೊಡಬೇಕೆಂದು ಹೇಳುವನು. ವಸತಿಗಳ ಭೂಮಿಯೂ ಗುತ್ತಿಗೆಯದೇ. ಭಾರತ ಸರ್ಕಾರವು ೨೦೧೪ರಲ್ಲಿ ಪ್ರಕಟಿಸಿದ ಟಿಬೆಟನ್ ಪುನರ್ವಸತಿ ನೀತಿಯು ೨೦ ವರ್ಷಗಳ ಗುತ್ತಿಗೆಯನ್ನು ಏಕರೂಪವಾಗಿ ಸೂಚಿಸಿತು. ಮಗನಿಗೆ ಉಳಿಯುವುದೋ ಇಲ್ಲವೋ ಎಂಬ ಹೊಲದಲ್ಲಿ ತಂದೆಯು ಮಾವಿನ ಗಿಡವನ್ನು ನೆಡಲು ಅನುಮಾನಿಸುವನು. ಯುವಕರು ನಗರಗಳಿಗೂ ವಿದೇಶಗಳಿಗೂ ಹೊರಟುಹೋಗುವುದಕ್ಕೆ ಇದೂ ಒಂದು ಕಾರಣವೆಂದು ಎಣಿಸಬಹುದು.

ಎರಡನೆಯದು ಮಿತ್ರವ್ಯಸನ. ೨೦೨೫ರ ಜನವರಿಯಲ್ಲಿ ಅಮೆರಿಕವು ತನ್ನ ವಿದೇಶೀ ಸಹಾಯವನ್ನೆಲ್ಲ ೯೦ ದಿನಗಳ ಮಟ್ಟಿಗೆ ತಡೆಹಿಡಿಯಲು ಆಜ್ಞೆಮಾಡಿದಾಗ, ಟಿಬೆಟಿನವರ ಆರೋಗ್ಯ, ವಿದ್ಯಾಭ್ಯಾಸಗಳ ಕಾರ್ಯಗಳಿಗೂ ಪೆಟ್ಟು ತಗಲಿತು. ಅದೇ ವರ್ಷದ ಜುಲೈಯಲ್ಲಿ ಒಂದು ಭಾಗವು ಮರಳಿ ಮಂಜೂರಾಯಿತು. ಮಿತ್ರನು ಕೆಟ್ಟವನಾಗಬೇಕಾಗಿಲ್ಲ, ಅವನ ಮನೆಯಲ್ಲಿ ಮನಸ್ಸು ಬದಲಾದರೆ ಸಾಕು, ಸಾವಿರಾರು ಯೋಜನ ದೂರದ ಆಸ್ಪತ್ರೆಯಲ್ಲಿ ಔಷಧವು ತೀರುವುದು. ಭಾರತ ಸರ್ಕಾರವು ೨೦೧೫ರಲ್ಲಿ ೧೯೮೧ರಿಂದ ನೋಂದಾಯಿತವಾದ ಕೇಂದ್ರ ಟಿಬೆಟನ್ ಪರಿಹಾರ ಸಮಿತಿಗೆ ಐದು ವರ್ಷಗಳ ಅವಧಿಗೆ ೪೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿ, ಆಮೇಲೆ ಮತ್ತೊಂದು ಅವಧಿಗೂ ಮುಂದುವರಿಸಿದುದು, ಒಬ್ಬನೇ ಮಿತ್ರನನ್ನು ನಂಬುವ ಅಪಾಯಕ್ಕೆ ಸ್ವಲ್ಪಮಟ್ಟಿನ ಪ್ರತೀಕಾರ.

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ದುರ್ಬಲವಾದ ಜನಸಮುದಾಯಕ್ಕೆ ನೆರವು ನೀಡುವಾಗ ದಾನಿಗಳು ಎಷ್ಟು ಮಂದಿಯಿದ್ದರೂ ಹೊಣೆಗಾರನು ಒಬ್ಬನಿರಬೇಕು. ಆ ಹೊಣೆಯಲ್ಲಿ ನೆರವನ್ನು ಪಡೆಯುವವರಿಗೂ ಸ್ಥಾನವಿರಬೇಕು. ಸಾಲಕ್ಕೂ ಪೋಷಣೆಗೂ ಭೇದವಿರಬೇಕು. ಕೇಡು ಬಂದರೆ ಯಾರು ಎಷ್ಟನ್ನು ಹೊರುವರೆಂಬುದು ಕೇಡು ಬರುವ ಮೊದಲೇ ಗೊತ್ತಾಗಿರಬೇಕು. ನೆರೆಯ ಬಡವನನ್ನು ಮರೆತು ಅತಿಥಿಯನ್ನೂ, ಅತಿಥಿಯನ್ನು ಮರೆತು ನೆರೆಯವನನ್ನೂ ಸಾಕಬಾರದು. ಇವುಗಳಲ್ಲಿ ಮೊದಲಿನ ಮೂರಕ್ಕೆ ಗುರುಪುರವು ಸಾಕ್ಷಿ. ಉಳಿದೆರಡಕ್ಕೆ ನಾಗರಹೊಳೆಯ ಅಂಚಿನಲ್ಲಿ ಉತ್ತರವು ಇನ್ನೂ ದೊರೆಯಬೇಕಾಗಿದೆ. ಅರ್ಥಶಾಸ್ತ್ರವನ್ನು ಪಾಠಹೇಳುವ ಉಪಾಧ್ಯಾಯರು ಜನಪದನಿವೇಶ ಪ್ರಕರಣವನ್ನು ವಿವರಿಸುವಾಗ ಹುಣಸೂರಿನ ದಾರಿಯನ್ನು ತೋರಿಸಬಹುದು. ಆದರೆ ತೋರಿಸುವುದಾದರೆ ಗುರುಪುರ, ನಾಗಾಪುರ ಎರಡನ್ನೂ ತೋರಿಸುವುದು ನ್ಯಾಯ.