ಸಣ್ಣ ಸೋರಿಕೆಯನ್ನು ಸರಿಪಡಿಸಬೇಕೆ?

ಶಿಕಾರಿಪುರ, ಸೊರಬಗಳು ಕೆರೆಗಳ ಸೀಮೆ. ಕದಂಬರ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ ಸಂಗತಿಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೇಳುತ್ತದೆ; ಅದು ಐದನೆಯ ಶತಮಾನದ ಮಾತು. ಮಣ್ಣಿನ ಏರಿ ಇದ್ದಲ್ಲಿ ಜಿನುಗು ಇದ್ದದ್ದೇ. ಏರಿಯ ಬುಡದಲ್ಲಿ ತೇವ ಕಂಡೊಡನೆ ಯಾರೂ ಏರಿಯನ್ನೇ ಅಗೆದು ಕಟ್ಟುವುದಿಲ್ಲವಷ್ಟೆ. ಜಿನುಗುವ ನೀರು ತಿಳಿಯಾಗಿದ್ದು, ದಿನದಿನಕ್ಕೆ ಹೆಚ್ಚದಿದ್ದರೆ, ಅದರ ಮೇಲೆ ಕಣ್ಣಿಟ್ಟಿದ್ದರೆ ಸಾಕು. ನೀರು ಕದಡಿದ್ದರೆ ಏರಿಯ ಮಣ್ಣೇ ಒಳಗಿನಿಂದ ಕೊಚ್ಚಿಹೋಗುತ್ತಿದೆ ಎಂದರ್ಥ, ಆಗ ತಡಮಾಡುವಂತಿಲ್ಲ.

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರಿಗೂ ಇಂಥದೇ ಪ್ರಶ್ನೆಯೊಂದುಂಟು. ಪ್ರತಿಯೊಂದು ಪ್ರೋಗ್ರಾಂ ತನಗೆ ಬೇಕಾದಷ್ಟು ಮೆಮೊರಿಯನ್ನು ಯಂತ್ರದಿಂದ ಕಡವಾಗಿ ಪಡೆದು, ಕೆಲಸ ತೀರಿದ ಮೇಲೆ ಹಿಂದಿರುಗಿಸಬೇಕು. ಹಿಂದಿರುಗಿಸಲು ಮರೆತರೆ ಅದಕ್ಕೆ ಮೆಮೊರಿ ಸೋರಿಕೆ ಎಂದು ಹೆಸರು. ಇಲ್ಲಿ ಯಾವುದೂ ಹೊರಗೆ ಹರಿದುಹೋಗುವುದಿಲ್ಲ. ಆದರೂ ಮುಂದಿನ ಕೆಲಸಕ್ಕೆ ಸಿಗುವ ಪಾಲು ಕೆರೆಯ ನೀರಿನ ಮಟ್ಟದಂತೆ ಇಳಿಯುತ್ತ ಹೋಗುತ್ತದೆ.

ಇಂಥ ಸೋರಿಕೆಯನ್ನೆಲ್ಲ ಸರಿಪಡಿಸಲೇಬೇಕೆ ಎಂದು ನೀವು ಕೇಳಬಹುದು. ನಿಮಿಷದಲ್ಲಿ ಮುಗಿಯುವ ಪ್ರೋಗ್ರಾಂ ಆದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅದು ಮುಗಿದ ಕೂಡಲೆ, ಯಂತ್ರದ ಮೇಲ್ವಿಚಾರಣೆ ನಡೆಸುವ ಆಪರೇಟಿಂಗ್ ಸಿಸ್ಟಂ ಅದಕ್ಕೆ ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಪಡೆಯುತ್ತದೆ. ದುರಸ್ತಿಗೆಂದು ಹೋಗಿ, ಇನ್ನೂ ಬಳಕೆಯಲ್ಲಿರುವ ಮೆಮೊರಿಯನ್ನೇ ತಪ್ಪಿ ಹಿಂದಿರುಗಿಸಿದರೆ ಪ್ರೋಗ್ರಾಂ ಕೆಡಬಹುದು. ಅದು ಸೋರಿಕೆಗಿಂತ ದೊಡ್ಡ ಕೇಡು.

ಹಗಲಿರುಳು ನಡೆಯತಕ್ಕ ಪ್ರೋಗ್ರಾಂಗಳ ಮಾತು ಬೇರೆ. 1992ರಲ್ಲಿ ಲಂಡನ್ ನಗರದ ಆಂಬ್ಯುಲೆನ್ಸ್ ಸೇವೆಯು ವಾಹನಗಳನ್ನು ಕಳುಹಿಸಲು ಗಣಕ ವ್ಯವಸ್ಥೆಯೊಂದನ್ನು ಜಾರಿಗೆ ತಂದಿತ್ತು. ಒಂದೊಂದು ಸಲ ವಾಹನ ಕಳುಹಿಸಿದಾಗಲೂ ಸ್ವಲ್ಪ ಮೆಮೊರಿ ಹಿಂದಿರುಗದೆ ಉಳಿಯುತ್ತಿತ್ತು. ಮೂರು ವಾರಗಳಲ್ಲಿ ಎಲ್ಲವೂ ತೀರಿ, ನವೆಂಬರ್ 4ರ ಬೆಳಗಿನ ಜಾವ ವ್ಯವಸ್ಥೆಯೇ ನಿಂತಿತು. ಬದಲಿ ಯಂತ್ರವೂ ಒದಗಲಿಲ್ಲ. ಸಿಬ್ಬಂದಿಯು ಕಾಗದ, ದೂರವಾಣಿಗಳಿಗೆ ಮರಳಬೇಕಾಯಿತು.

ಇನ್ನು ಪರೀಕ್ಷೆಗಳ ವಿಷಯ. ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ಬರೆಯುವ ಪರೀಕ್ಷೆಗಳೂ ಪುಟ್ಟ ಪ್ರೋಗ್ರಾಂಗಳೇ. ಅವು ಬೇಗನೆ ಮುಗಿಯುವುದರಿಂದ ಅವುಗಳ ಸೋರಿಕೆ ತನ್ನಷ್ಟಕ್ಕೆ ನಿರಪಾಯ. ಆದರೂ ಸರಿಪಡಿಸುವುದೇ ಲೇಸು. ಏಕೆಂದರೆ ಸೋರಿಕೆಯನ್ನು ಹುಡುಕುವ ವಾಲ್‌ಗ್ರೈಂಡ್‌ನಂಥ ಸಾಧನವು ಯಾವುದು ನಿರಪಾಯ, ಯಾವುದು ಅಪಾಯ ಎಂದು ತಾನಾಗಿ ಅರಿಯಲಾರದು. ದಿನವೂ ನೂರು ನಿರಪಾಯದ ದೂರುಗಳು ಬಂದರೆ, ನೂರೊಂದನೆಯ ನಿಜವಾದ ದೂರನ್ನು ಯಾರು ಓದುತ್ತಾರೆ? ಏರಿಯ ಬುಡದ ಗಿಡಗಂಟಿಗಳನ್ನು ಸವರುವುದಕ್ಕೂ ಇದೊಂದು ಕಾರಣ: ಹೊಸ ಜಿನುಗು ಮರೆಯಲ್ಲಿ ಉಳಿಯಬಾರದು. ಸರಿಪಡಿಸಲಾಗದ ಸೋರಿಕೆಯನ್ನು, ಏಕೆ ಬಿಟ್ಟಿದೆ ಎಂಬ ಕಾರಣದೊಡನೆ, ಪಟ್ಟಿಯಲ್ಲಿ ಬರೆದಿಡಬಹುದು. ಆಗ ಸಾಧನವು ಅದನ್ನು ಬಿಟ್ಟು ಉಳಿದುದನ್ನು ಮಾತ್ರ ತೋರಿಸುತ್ತದೆ.

ನಿಮ್ಮ ಮನೆಯ ಮೊಬೈಲ್ ಫೋನು ದಿನಗಟ್ಟಲೆ ನಡೆದು ನಿಧಾನವಾದಾಗ, ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಚುರುಕಾಗುವುದುಂಟು. ನಿಧಾನಕ್ಕೆ ಕಾರಣಗಳು ಹಲವು. ಸೋರಿಕೆಯೂ ಅವುಗಳಲ್ಲಿ ಒಂದು. ಆರಿಸಿದಾಗ, ಹಿಂದಿರುಗದೆ ಉಳಿದಿದ್ದ ಮೆಮೊರಿಯೆಲ್ಲ ಮರಳಿ ದೊರೆಯುತ್ತದೆ. ಮನೆಯ ಫೋನಿಗೆ ಈ ಉಪಾಯ ಸಾಕು. ಆಂಬ್ಯುಲೆನ್ಸ್ ಕಳುಹಿಸುವ ಯಂತ್ರಕ್ಕೆ ಸಾಲದು.