ಮಂಗನ ಕಾಯಿಲೆ ಬಂದವರ ಮನೆಗೆ ಹೋಗಬಹುದು

ಅಡಿಕೆ ಸುಗ್ಗಿಯ ದಿನಗಳಲ್ಲಿ ಹೊಸನಗರ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆ. ಜಗುಲಿಯಲ್ಲಿ ಏಳೆಂಟು ಜನ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಪ್ರತಿವರ್ಷ ಅಲ್ಲಿ ಕಾಣುತ್ತಿದ್ದ ಹೆಂಗಸೊಬ್ಬರು ಆ ಸಲ ಇರಲಿಲ್ಲ. ಕೇಳಿದೆ. "ಅವ್ಳಿಗೆ ಮಂಗನ ಕಾಯಿಲೆ ಆಗಿತ್ತಲ್ಲ ಮಾರಾಯ್ರೆ, ಈ ವರ್ಷ ಬರೋದು ಬೇಡ ಅಂತ ಹೇಳಿದ್ವಿ" ಎಂದರು ಯಜಮಾನರು. ಆಕೆ ಆಸ್ಪತ್ರೆಯಿಂದ ಮನೆಗೆ ಬಂದು ಆಗಲೇ ಒಂದು ತಿಂಗಳು ಕಳೆದಿತ್ತು. ಯಜಮಾನರು ತಮ್ಮ ವಿಷಯವನ್ನೂ ಹೇಳಿಕೊಂಡರು: "ನಾನು ಆಗ್ಲೇ ಎರಡು ಸಲ ಇಂಜೆಕ್ಷನ್ ಮಾಡಿಸ್ಕಂಡಿದ್ದೆ. ನಂಗೇನೂ ಆಗೂದಿಲ್ಲ." ಅಷ್ಟು ಹೇಳಿ ಕೊಟ್ಟಿಗೆಗೆ ದರಕು ತರಲು ಬರಿಗಾಲಲ್ಲೇ ಬೆಟ್ಟ ಹತ್ತಿದರು.

ಕಾಯಿಲೆಯಿಂದ ಎದ್ದು ಬಂದವಳು ಮನೆಯೊಳಗೆ, ಎಂದೋ ಲಸಿಕೆ ಹಾಕಿಸಿಕೊಂಡವರು ಕಾಡಿನೊಳಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಈ ಲೆಕ್ಕಾಚಾರ ಕೇಳಿ ಕೇಳಿ ನನಗೆ ಸಾಕಾಗಿದೆ. ಇದರಲ್ಲಿ ಎರಡೂ ತಿರುಗುಮುರುಗಾಗಿವೆ.

ಕಲ್ಪನೆ: ಮಂಗನ ಕಾಯಿಲೆ ಬಂದವರನ್ನು ಪ್ರತ್ಯೇಕ ಇಡಬೇಕು, ಇಲ್ಲದಿದ್ದರೆ ಮನೆಮಂದಿಗೆಲ್ಲ ಹರಡುತ್ತದೆ.

ಸತ್ಯ: ಹರಡುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಪತ್ತೆಯಾಯಿತು. ಅಂದಿನಿಂದ ಇಂದಿನವರೆಗೆ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಇದು ಅಂಟಿದ್ದು ದಾಖಲಾಗಿಲ್ಲ. ಕೆಮ್ಮಿನಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ಒಂದೇ ಲೋಟದಲ್ಲಿ ನೀರು ಕುಡಿದರೂ ಬರುವುದಿಲ್ಲ.

ಹಾಗಾದರೆ ಒಂದೇ ಮನೆಯಲ್ಲಿ ಮೂವರಿಗೆ ಹೇಗೆ ಬಂತು ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಆ ಮೂವರೂ ಒಂದೇ ಸೊಪ್ಪಿನಬೆಟ್ಟಕ್ಕೆ ಹೋಗಿದ್ದರು ಎಂಬುದೇ ಉತ್ತರ. ಒಂದೇ ದಾರಿಯಲ್ಲಿ ನಡೆದರು, ಒಂದೇ ದರಕಿನ ರಾಶಿಗೆ ಕೈಹಾಕಿದರು, ಒಂದೇ ಮರದಡಿ ಕೂತು ಎಲೆಯಡಿಕೆ ಹಾಕಿಕೊಂಡರು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಕಾಯಿಲೆ ಉಲ್ಬಣಿಸಿ ಸಾಲು ಸಾಲು ಸಾವಾದಾಗಲೂ ನಡೆದದ್ದು ಇದೇ. ಜನ ಅದನ್ನು ಅಂಟುರೋಗವೆಂದು ಓದಿಕೊಂಡರು. ಅದು ಊರಿನವರೆಲ್ಲ ಹಂಚಿಕೊಂಡ ಕಾಡಿನ ಕಥೆಯಾಗಿತ್ತು.

ಈ ಕಾಯಿಲೆಯನ್ನು ಕಾಡಿನಿಂದ ನಮಗೆ ತರುವ ಉಣುಗಿನ ಬದುಕು ತಿಳಿದರೆ, ಅಂಟುತ್ತದೆಂಬ ಭಯ ಉಳಿಯುವುದಿಲ್ಲ. ಸೊಳ್ಳೆ ಒಂದೇ ರಾತ್ರಿಯಲ್ಲಿ ಇಬ್ಬರು ಮೂವರನ್ನು ಕಚ್ಚಬಲ್ಲದು. ಡೆಂಗಿ ಹಾಗೆ ಮನೆಯಿಂದ ಮನೆಗೆ ಹೋಗುತ್ತದೆ. ಉಣುಗು ಹಾಗಲ್ಲ. ಅದಕ್ಕೆ ಮರಿ, ನಡುಹರೆಯ, ಬೆಳೆದದ್ದು ಎಂದು ಮೂರು ಹಂತ. ಒಂದೊಂದು ಹಂತದಲ್ಲಿ ಒಂದೇ ಸಲ ಹೊಟ್ಟೆತುಂಬ ರಕ್ತ ಹೀರಿ ಕೆಳಗೆ ಬೀಳುತ್ತದೆ, ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ. ನಮ್ಮನ್ನು ಹೆಚ್ಚಾಗಿ ಕಚ್ಚುವುದು ಸಾಸಿವೆಗಿಂತ ದೊಡ್ಡದಿರದ ನಡುಹರೆಯದ ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಬೆಳೆದ ಮೇಲೆ ಅದಕ್ಕೆ ಬೇಕಾದ್ದು ದನದ ರಕ್ತ. ಹಾಗಾಗಿ ಜ್ವರದವರ ಮೈಯಿಂದ ಎದ್ದು ಪಕ್ಕದಲ್ಲಿ ಮಲಗಿದವರನ್ನು ಕಚ್ಚುವ ಉಣುಗು ಇಲ್ಲ. ವೈರಸ್ಸಿನ ಪಯಣ ಮನುಷ್ಯರಲ್ಲಿಗೆ ಬಂದು ಮುಗಿಯುತ್ತದೆ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಸೋಂಕು ತಗುಲಿತ್ತಲ್ಲ ಎಂದು ಓದಿಕೊಂಡವರು ವಾದಿಸುತ್ತಾರೆ. ನಿಜ, ತಗುಲಿತ್ತು. ಅವರು ಆ ವೈರಸ್ಸನ್ನೇ ಬೆಳೆಸಿ, ಶೇಖರಿಸಿ, ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದವರು. ನಿಮ್ಮ ಜಗುಲಿಯಲ್ಲಿ ಅಡಿಕೆ ಸುಲಿಯುವ ಹೆಂಗಸಿಗೂ ಆ ಕೊಠಡಿಗೂ ಸಂಬಂಧವಿಲ್ಲ. ರಕ್ತ ತೆಗೆಯುವ ನರ್ಸ್ ಕೈಗವಸು ಹಾಕಿಕೊಳ್ಳಲಿ, ಅದು ಯಾವ ರೋಗಿಯ ಮುಂದೆಯೂ ಇರಬೇಕಾದ ಎಚ್ಚರ.

ಈ ದೂರ ಇಡುವ ಅಭ್ಯಾಸ ಎಲ್ಲಿಂದ ಬಲವಾಯಿತೆಂದು ನನಗೆ ಗೊತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲವೂ ನಡೆದಿತ್ತು. ಕೈಗೆ ಮುದ್ರೆ, ಬಾಗಿಲಿಗೆ ನೋಟಿಸ್, ಹದಿನಾಲ್ಕು ದಿನ ಹೊರಗೆ ಬರುವಂತಿಲ್ಲ. ಜ್ವರವೆಂದರೆ ಬಾಗಿಲು ಹಾಕಿಕೊಳ್ಳುವುದು ಎಂಬ ಪಾಠ ಆಗ ತಲೆಗೆ ಕೂತಿತು. ಆ ನಿಯಮಕ್ಕೆ ಕಾರಣವಿತ್ತು: ಕೊರೊನಾ ಉಸಿರಿನಲ್ಲಿ ಹೋಗುತ್ತಿತ್ತು. ಲಸಿಕೆ ಹಾಕಿಸಿಕೊಂಡವರು ಮತ್ತು ಕಾಯಿಲೆ ಬಂದು ಹೋದವರ ನಡುವೆ ಅಲ್ಲಿಯೂ ನ್ಯಾಯದ ಪ್ರಶ್ನೆ ಎದ್ದಿತ್ತು. ಗುಣವಾದವರು ಮೂರು ತಿಂಗಳು ಬಿಟ್ಟು ಲಸಿಕೆ ಪಡೆಯಬೇಕೆಂದು 2021ರ ಮೇನಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಎರಡು ಡೋಸ್ ಆಗಿದ್ದವರಿಗೆ ಮಾತ್ರ ಸಿನಿಮಾ ಮಂದಿರ, ಮಾಲ್‌ಗಳಿಗೆ ಪ್ರವೇಶವೆಂದು ಅದೇ ವರ್ಷ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಹೇಳಿತು. ಕಾಯಿಲೆಯನ್ನೇ ಉಂಡು ಎದ್ದವರ ರೋಗನಿರೋಧಕ ಶಕ್ತಿ ಲೆಕ್ಕಕ್ಕೆ ಬರಲಿಲ್ಲ. ಆ ಜಗಳದಲ್ಲಿ ಎರಡೂ ಕಡೆ ಮಾತಿತ್ತು. ಮಂಗನ ಕಾಯಿಲೆಯಲ್ಲಿ ಆ ಜಗಳಕ್ಕೇ ಜಾಗವಿಲ್ಲ. ಲಸಿಕೆ ಪಡೆದವರಾಗಲಿ, ಪಡೆಯದವರಾಗಲಿ, ಜ್ವರದಲ್ಲಿ ಮಲಗಿದವರಾಗಲಿ, ಯಾರಿಂದಲೂ ಯಾರಿಗೂ ಅಪಾಯವಿಲ್ಲದ ಮೇಲೆ ಪ್ರತ್ಯೇಕ ಇಡುವುದು ಯಾರನ್ನು, ಯಾರಿಂದ?

ಇನ್ನು ಯಜಮಾನರ ಧೈರ್ಯದ ಮಾತಿಗೆ ಬರೋಣ. ಒಮ್ಮೆ ಮಂಗನ ಕಾಯಿಲೆ ಬಂದು ಗುಣವಾದವರಲ್ಲಿ ದೀರ್ಘಕಾಲ ಉಳಿಯುವ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. ಹಳೆಯ ಲಸಿಕೆಗೆ ಆ ತಾಕತ್ತು ಇರಲಿಲ್ಲ. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು ಬೂಸ್ಟರ್. ಇಷ್ಟನ್ನು ತಪ್ಪದೆ ಮುಗಿಸಿದವರು ಎಷ್ಟು ಮಂದಿ? 2005ರಿಂದ 2010ರವರೆಗಿನ ಅಂಕಿಅಂಶ ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು. ಕೊನೆಗೆ ಗುಣಮಟ್ಟದ ಪರೀಕ್ಷೆಯಲ್ಲಿ ನಿಲ್ಲದೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸದೊಂದನ್ನು ಸಿದ್ಧಪಡಿಸುವ ಕೆಲಸಕ್ಕೆ ಇಳಿದಿವೆ. ಅದು ಕೈಗೆ ಬರುವತನಕ, ಎಂದೋ ಚುಚ್ಚಿಸಿಕೊಂಡ ಎರಡು ಡೋಸ್‌ ನಂಬಿ ಬರಿಗಾಲಲ್ಲಿ ಬೆಟ್ಟ ಹತ್ತುವುದು ಜೀವದ ಜೊತೆ ಆಟ. ಆ ಜಗುಲಿಯಲ್ಲಿ ಕಾಯಿಲೆಯ ಭಯ ಕಡಿಮೆ ಇರಬೇಕಾದದ್ದು ಆಕೆಗೆ. ಎಚ್ಚರ ಹೆಚ್ಚು ಬೇಕಿದ್ದದ್ದು ಯಜಮಾನರಿಗೆ.

ದೂರ ಇಡುವುದರಿಂದ ಆಗುವ ಕೇಡು ಕೂಲಿ ತಪ್ಪುವುದಕ್ಕೆ ನಿಲ್ಲುವುದಿಲ್ಲ. ಊರು ದೂರ ಮಾಡೀತೆಂಬ ಹೆದರಿಕೆಯಿಂದ ಜನ ಜ್ವರ ಮುಚ್ಚಿಡುತ್ತಾರೆ. ಆಶಾ ಕಾರ್ಯಕರ್ತೆ ಬಂದರೆ ನೆಗಡಿ ಎನ್ನುತ್ತಾರೆ, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾರೆ. ರಕ್ತಸ್ರಾವಕ್ಕೆ ತಿರುಗಬಲ್ಲ ಈ ಕಾಯಿಲೆಯಲ್ಲಿ ಕೆಲವು ನೋವಿನ ಮಾತ್ರೆಗಳು ವಿಷವಾಗಬಹುದು. ಮಂಗನ ಕಾಯಿಲೆಯನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಗುರುತಿಸಿ, ನೀರಿನಂಶ ಕಾಪಾಡಿ, ಪ್ಲೇಟ್‌ಲೆಟ್ ನೋಡಿಕೊಂಡು ಆರೈಕೆ ಮಾಡುವುದೇ ಚಿಕಿತ್ಸೆ. ಅಲ್ಲಿ ತಡವಾದ ಒಂದೊಂದು ದಿನವೂ ದುಬಾರಿ. ನೂರರಲ್ಲಿ ಮೂರರಿಂದ ಐದು ರೋಗಿಗಳು ಸಾಯುವ ಕಾಯಿಲೆಯಿದು. ನಾಚಿಕೆಯಿಂದ ಆಸ್ಪತ್ರೆಗೆ ತಡವಾಗಿ ಬಂದು ಒಂದು ಜೀವ ಹೋದರೂ ಅದರ ಹೊಣೆ ಊರಿನದ್ದು.

ಉಳಿದ ಕಲ್ಪನೆಗಳಿಗೆ ಒಂದೊಂದು ಮಾತು ಸಾಕು.

ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಮತ್ತೆ ಬಂದರೆ ಯಾರಿಂದಲೋ ಹೊಸದಾಗಿ ಅಂಟಿತೆಂದಲ್ಲ. ಕೆಲವರಲ್ಲಿ ಅದೇ ಕಾಯಿಲೆಯ ಎರಡನೇ ಹಂತ ಹಾಗೆ ಬರುತ್ತದೆ, ತಲೆನೋವು, ನಡುಕ, ಮಂಕು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಂಗಗಳನ್ನು ಓಡಿಸಿದರೆ, ಕೊಂದರೆ ಕಾಯಿಲೆ ಹೋಗುವುದಿಲ್ಲ. ಮಂಗ, ಮುಸಿಯ ಎರಡೂ ನಮ್ಮಂತೆಯೇ ಉಣುಗು ಕಚ್ಚಿಸಿಕೊಂಡು ಸಾಯುವ ಪ್ರಾಣಿಗಳು, ಅವುಗಳ ಸಾವು ನಮಗೆ ಸಿಗುವ ಮೊದಲ ಸುದ್ದಿ.

ಸತ್ತ ಮಂಗವನ್ನು ನೀವೇ ಎಳೆದು ಹೂಳಲು ಹೋಗಬೇಡಿ. ಮೈ ತಣ್ಣಗಾದಂತೆ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲೆಲ್ಲ ಇರುತ್ತವೆ, ಅದಕ್ಕೇ ಸಿಬ್ಬಂದಿ ಐವತ್ತು ಅಡಿ ಸುತ್ತ ಮೆಲಾಥಿಯಾನ್ ಪುಡಿ ಹಾಕುತ್ತಾರೆ.

ಮಂಗನ ಬಾವು ಬೇರೆ, ಮಂಕಿಪಾಕ್ಸ್ ಬೇರೆ. ಅವೆರಡೂ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತವೆ, ಹೆಸರಲ್ಲಿ ಮಂಗ ಇದೆಯೆಂದು ಮೂರನ್ನೂ ಒಂದೇ ಗೂಡಿಗೆ ಹಾಕಬೇಡಿ.

ನಮ್ಮ ಕಡೆಯವರು ದಡ್ಡರಲ್ಲ. ರಾಶಿ ಅಡಿಕೆಯ ಧಾರಣೆ ಕೇಳಲು ಒಂದು ಮಂಡಿಯ ಮಾತು ಸಾಲದೆಂದು ಇನ್ನೆರಡಕ್ಕೆ ಫೋನ್ ಮಾಡುವವರು ನಾವು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವಾಗ ಸುಣ್ಣ, ಮೈಲುತುತ್ತದ ಪ್ರಮಾಣ ಒಂದಿಷ್ಟು ತಪ್ಪದಂತೆ ನೋಡಿಕೊಳ್ಳುತ್ತೇವೆ. ತೋಟದ ವಿಷಯದಲ್ಲಿ ಇಷ್ಟು ವಿಚಾರಿಸುವವರು ಮನುಷ್ಯರ ವಿಷಯದಲ್ಲಿ ಮಾತ್ರ ಯಾರೋ ಕಳಿಸಿದ ವಾಟ್ಸ್‌ಆ್ಯಪ್ ಧ್ವನಿಯನ್ನು ಪ್ರಶ್ನಿಸದೆ ನಂಬಿ, ಪಕ್ಕದ ಮನೆಯ ಬಾಗಿಲು ಹಾಕಿಸುವುದು ನನಗೆ ಸಹಿಸಲಾಗುವುದಿಲ್ಲ. ಆರೋಗ್ಯ ಕೇಂದ್ರ ನಡೆದು ಹೋಗುವ ದೂರದಲ್ಲಿದ್ದರೂ ಹೋಗಿ ಒಂದು ಮಾತು ಕೇಳಲಿಲ್ಲವೆಂದರೆ ಅದು ಅಜ್ಞಾನಕ್ಕಿಂತ ದೊಡ್ಡ ತಪ್ಪು.

ಆದ್ದರಿಂದ ಇಷ್ಟು ಮಾಡಿ. ಬೇಸಿಗೆ ಮುಗಿಯುವತನಕ ಬೆಟ್ಟಕ್ಕೆ ಹೋಗುವ ಮೊದಲು ಆರೋಗ್ಯ ಕೇಂದ್ರದವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮೈ ತುಂಬ ಬಟ್ಟೆ ಹಾಕಿ, ದರಕಿನ ಮೇಲೆ ಕೂರಬೇಡಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತಿಕ್ಕಿ ಸ್ನಾನ ಮಾಡಿ. ಕಾಡಿಗೆ ಹೋಗಿಬಂದ ಎಂಟು ಹತ್ತು ದಿನದೊಳಗೆ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಲಸಿಕೆ ಆಗಿರಲಿ, ಆಗದಿರಲಿ, ಇಷ್ಟೂ ಎಲ್ಲರಿಗೂ ಒಂದೇ.

ಪಕ್ಕದ ಮನೆಯಲ್ಲಿ ಯಾರಾದರೂ ಮಂಗನ ಕಾಯಿಲೆಯಿಂದ ಎದ್ದು ಬಂದಿದ್ದರೆ ಅವರ ಮನೆಗೆ ಗಂಜಿ ಒಯ್ಯಿರಿ, ಜೊತೆಗೆ ಕೂತು ಮಾತನಾಡಿ. ಅವರಿಗೆ ಶಕ್ತಿ ಬಂದ ದಿನ, ಸುಲಿಯಲು ಕರೆಯಿರಿ.